ಆರೋಪಿ ನಂ. 2

ಪ್ರೀತಿಯ ಪುಟ್ಟೂ,

ನಿನ್ನ ಕಾಗದ ಮೊನ್ನೆ ಬಂತು. ಬದುವಿನ ಜಗಳದ ಕಥೆ ಬಿಡು, ಅದು ನಿಮ್ಮಪ್ಪನಿಗಿಂತ ಹಳೆಯದು. ನನಗೆ ನಿದ್ದೆ ಕೆಡಿಸಿದ್ದು ಒಂದೇ ಸಾಲು: ‘ದೊಡ್ಡಪ್ಪ, ಎಫ್‌ಐಆರ್‌ನಲ್ಲಿ ನಾನು ಅಪರಾಧಿ ನಂ. 2.’ ನೀನು ಇಟ್ಟಿದ್ದ ಜೆರಾಕ್ಸನ್ನು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ಅಲ್ಲಿರುವುದು ‘ಆರೋಪಿ ನಂ. 2’. ಅಪರಾಧಿ ಅಂತ ಬರೆದವನು ನೀನೇ. ಪೊಲೀಸರೂ ಹಾಗೆ ಬರೆದಿಲ್ಲ ಮಾರಾಯ.

ಆರೋಪಿ ಅಂದರೆ ಯಾರೋ ಬೆರಳು ತೋರಿಸಿದ್ದಾರೆ, ಅಷ್ಟೇ. ಸಾಕ್ಷಿ ಆಗಿ, ವಾದ ಆಗಿ, ತಪ್ಪು ಸಾಬೀತಾಗಿದೆ ಅಂತ ಜಡ್ಜು ಹೇಳಿದ ಮೇಲೆ ಅಪರಾಧಿ. ನಾಳೆ ದೋಷಾರೋಪ ಪಟ್ಟಿ ಹಾಕಿದರೂ ಅದು ಪೊಲೀಸರ ಮಾತು, ಕೋರ್ಟಿನದಲ್ಲ.

ಕಲಂಗಳನ್ನೂ ನೋಡಿದೆ. 303 ಕಳವು, 329 ಅತಿಕ್ರಮ ಪ್ರವೇಶ, 351 ಬೆದರಿಕೆ. 2024ರ ಜುಲೈಯಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದು ನಂಬರು ಬದಲಾದವು, ನನ್ನ ಬಾಯಿಗೆ ಇನ್ನೂ 379, 447, 506 ಅಂತಲೇ ಬರುತ್ತದೆ. ‘ಅವಾಚ್ಯ ಶಬ್ದಗಳಿಂದ ಬೈದು ಜೀವ ಬೆದರಿಕೆ ಹಾಕಿರುತ್ತಾರೆ’ ಅನ್ನುವ ಸಾಲಿಗೆ ಜಾಸ್ತಿ ಹೆದರಬೇಡ. ಬದುವಿನ ಜಗಳದ ದೂರಿನಲ್ಲಿ ಆ ಸಾಲು ಇಲ್ಲದ್ದನ್ನು ನಾನು ಕಂಡಿದ್ದೇ ಕಡಿಮೆ. ಬೇರೆಯವರ ಜಾಗಕ್ಕೆ ಸುಮ್ನೆ ಕಾಲಿಟ್ಟರೆ 329 ಆಗುವುದಿಲ್ಲ. ಅಪರಾಧ ಮಾಡುವ, ಹೆದರಿಸುವ, ಅವಮಾನ ಮಾಡುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ಕಳವಿಗೂ ಅಪ್ರಾಮಾಣಿಕ ಮನಸ್ಸು ಬೇಕು. ನಮ್ಮದೇ ಮರ ಅಂತ ನಿಜವಾಗಿ ನಂಬಿ ಆರು ತೆಂಗಿನಕಾಯಿ ಕೆಡವಿದವನನ್ನು ಕಳ್ಳ ಅನ್ನುವುದು ಕಾನೂನಿಗೂ ಕಷ್ಟ. ಹಾಗಂತ ಈಗ ಇನ್ನೊಂದು ಕಾಯಿ ಮುಟ್ಟಬೇಡ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆಯಲಿ.

ಆದರೂ ನಿನ್ನ ಆ ಪದ ನನ್ನನ್ನು ಬಿಡುತ್ತಿಲ್ಲ.

ನನ್ನ ಜೊತೆ ಓದಿದವನೊಬ್ಬ ಒಂದು ಸಂಘದಲ್ಲಿ ಗುಮಾಸ್ತನಾಗಿದ್ದ. ಲೆಕ್ಕದಲ್ಲಿ ನಾಲ್ಕು ಸಾವಿರ ಕಡಿಮೆ ಬಂತು. ಕಲಂ 408 ಹಾಕಿದರು, ನೌಕರ ಮಾಡಿದ ನಂಬಿಕೆ ದ್ರೋಹ. ಕೇಸು ನಾನು ಕೆಲಸ ಮಾಡುತ್ತಿದ್ದ ಕೋರ್ಟ್ ಹಾಲ್‌ಗೇ ಬಂತು. ವಾಯಿದೆಯ ದಿನ ‘ಆರೋಪಿ ಹಾಜರ್’ ಅಂತ ಬರೆದುಕೊಳ್ಳುತ್ತಿದ್ದವನು ನಾನೇ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಕಂಡರೆ ಪೇಪರ್ ಎತ್ತಿ ಮುಖಕ್ಕೆ ಹಿಡಿಯುತ್ತಿದ್ದೆ. ಆರು ವರ್ಷದ ಮೇಲೆ ನಿರ್ದೋಷಿ ಅಂತ ಬಿಡುಗಡೆ ಆಯ್ತು. ತೀರ್ಪಿನ ನಕಲು ಒಯ್ಯಲು ಬಂದವನು, ‘ನೀನು ಓದಿದೆಯಾ?’ ಅಂತ ಕೇಳಿದ. ಹೂಂ ಅಂದೆ. ಅಷ್ಟೇ ಮಾತು. ಆಮೇಲೆ ಅವನು ಊರು ಬಿಟ್ಟ. ಆ ಎರಡು ಪದದ ವ್ಯತ್ಯಾಸ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಹೇಳು?

ಇರಲಿ. ನಿನಗೆ ಬಂದ ನೋಟಿಸು ನಾಗರಿಕ ಸುರಕ್ಷಾ ಸಂಹಿತೆಯ 35(3)ರದು, ಅಂದರೆ ಪೊಲೀಸರ ಮುಂದೆ ಹಾಜರಾಗು ಅನ್ನುವುದು. ಹೇಳಿದ ದಿನ ಠಾಣೆಗೆ ಹೋಗು, ತಪ್ಪಿಸಬೇಡ. ಹೋಗಿ ಸಹಕರಿಸುವವರನ್ನು ಬಂಧಿಸಬೇಕಾದರೆ ಅವರು ಕಾರಣ ಬರೆದಿಡಬೇಕು. ವಕೀಲರನ್ನು ಜೊತೆಗೆ ಕರೆದುಕೋ. ಖಾಲಿ ಹಾಳೆಗೆ ಸಹಿ ಬೇಡ. ಇದೆಲ್ಲ ನಿನ್ನ ವಕೀಲರು ನನಗಿಂತ ಚೆನ್ನಾಗಿ ಹೇಳುತ್ತಾರೆ, ರಿಟೈರಾದವನ ಬಾಯಿ ಸುಮ್ಮನಿರುವುದಿಲ್ಲ, ಅಲ್ವಾ? ಆಫೀಸಿಗೆ ರಜಾ ಹಾಕಿ ಮನೆಯಲ್ಲಿ ಕೂತಿದ್ದೀಯಂತೆ. ಸೋಮವಾರ ಹೋಗು.

ಜೆರಾಕ್ಸ್ ವಾಪಸ್ ಕಳಿಸಿದ್ದೇನೆ. ಆ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ನಿಮ್ಮಮ್ಮನಿಗೂ ತೋರಿಸು.

ನಿನ್ನ ದೊಡ್ಡಪ್ಪ