ಸಹಿ ಯಾರದು ಎಂದು ಕೇಳಿದ ಮಗಳಿಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಶನಿವಾರ ನೀನು ತಿಂಡಿಯನ್ನೂ ಮುಟ್ಟದೆ ತುಮಕೂರಿನ ಬಸ್ಸು ಹತ್ತಿದೆ. ಆಮೇಲೆ ಮೂರು ಸಲ ಕರೆ ಮಾಡಿದೆ, ನೀನು ಎತ್ತಲಿಲ್ಲ. ಅವತ್ತು ಯಾರು ಏನೆಂದರು ಎನ್ನುವುದು ಇಬ್ಬರಿಗೂ ಗೊತ್ತಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಲೆಂದು ನೀನು ಬರೆದು, ಆಮೇಲೆ ಹರಿದು ಹಾಕಿದ ಕರಪತ್ರದ ಕರಡನ್ನು ಅಮ್ಮ ಗೋಂದು ಹಚ್ಚಿ ಜೋಡಿಸಿ ಗೂಡಿನಲ್ಲಿ ಇಟ್ಟಿದ್ದಾಳೆ. ಹೋಗುತ್ತಾ ಬರುತ್ತಾ ಅದು ಕಣ್ಣಿಗೆ ಬೀಳುತ್ತದೆ.

ನೀನು ಬರೆದದ್ದು ಚೆನ್ನಾಗಿತ್ತು. ಹೆಸರು, ವಯಸ್ಸು 22, ಓದಿದ್ದು ಬಿ.ಎಸ್ಸಿ., ಏಳನೆಯ ತರಗತಿಯವರೆಗೆ ಇದೇ ಊರಿನ ಸರ್ಕಾರಿ ಶಾಲೆ, ಎರಡು ವರ್ಷದಿಂದ ರಜೆಗೆ ಬಂದಾಗಲೆಲ್ಲ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಪಾಠ. ಕೆಳಗೆ ಮೂರೇ ಕೆಲಸ: ಕೆಳಗಿನ ಬೀದಿಗೆ ಸರಿಯಾಗಿ ನೀರು, ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ, ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಕೂಸಿನ ಮನೆ. ನಾನು ಕೆಂಪು ಪೆನ್ನು ತೆಗೆದುಕೊಂಡು, ನಿನ್ನ ಹೆಸರಿಗಿಂತ ಮೇಲೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ತಾತನ ಹೆಸರು, ನನ್ನ ಹೆಸರು, ‘ಇವರ ಸುಪುತ್ರಿ’ ಎಂದು ಸೇರಿಸಿದೆ. ನಿನ್ನ ಮೂರು ಕೆಲಸಗಳನ್ನು ಹೊಡೆದು ಹಾಕಿ ‘ಗ್ರಾಮದ ಸರ್ವತೋಮುಖ ಅಭಿವೃದ್ಧಿ’ ಎಂದು ಬರೆದೆ. ನೀನು ಕೇಳಿದ್ದು ಒಂದೇ ಮಾತು: “ಗೆದ್ದರೆ ಸಹಿ ಯಾರದು, ಅಪ್ಪ?”

ಅಷ್ಟಕ್ಕೇ ನನಗೆ ಮೈ ಉರಿಯಿತು. ನಿನ್ನ ಮೇಲಿನ ಸಿಟ್ಟಲ್ಲ ಅದು ಎಂದು ತಿಳಿಯಲು ನನಗೆ ಮೂರು ರಾತ್ರಿ ಬೇಕಾಯಿತು.

2010ರ ಚುನಾವಣೆಯಲ್ಲಿ ನಮ್ಮ ಕ್ಷೇತ್ರ ಮಹಿಳೆಗೆ ಮೀಸಲಾದಾಗ ನಿನಗಿನ್ನೂ ಶಾಲೆಗೆ ಹೋಗುವ ಹಟವಿದ್ದ ವಯಸ್ಸು. ನಾನು ನಿಲ್ಲುವಂತಿರಲಿಲ್ಲ, ಅಮ್ಮನ ಹೆಸರು ಕೊಟ್ಟೆ. ಅವಳನ್ನು ಕೇಳಿದೆನೇ? ಕೇಳಿದ ನೆನಪಿಲ್ಲ. ಗೆದ್ದಳು. ಸಭೆಗೆ ಹೋದವನು ನಾನು. ಕಾಯ್ದೆಯಲ್ಲಿ ಸದಸ್ಯೆಯ ಗಂಡನಿಗೆ ಕುರ್ಚಿಯೇ ಇಲ್ಲ, ಆದರೂ ಐದು ವರ್ಷ ನನಗೊಂದು ಕುರ್ಚಿ ಇತ್ತು. ನನ್ನಂಥವರು ಇನ್ನೂ ನಾಲ್ವರಿದ್ದುದರಿಂದ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಸಭೆ ಮುಗಿದ ಮೇಲೆ, ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕ ಅಮ್ಮನ ಸಹಿಗೆಂದು ಮನೆಗೆ ಬರುತ್ತಿತ್ತು.

ಒಂದು ಸಂಜೆ ಬಿಲ್ ಕಲೆಕ್ಟರ್ ಪುಸ್ತಕ ತಂದಾಗ ಅವಳು ಮುದ್ದೆಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಸೆರಗಿನ ಅಂಚಿಗೆ ಕೈ ಒರೆಸಿಕೊಂಡು ಬಂದಳು. ಪೆನ್ನು ಹಿಡಿದು, “ಇದರಲ್ಲಿ ಏನಿದೆ?” ಎಂದು ಕೇಳಿದಳು. ನಾನು “ಹಾಕು, ಆಮೇಲೆ ಹೇಳುತ್ತೇನೆ” ಎಂದೆ. ಹಾಕಿದಳು. ಪುಟದ ಅಂಚಿನಲ್ಲಿ ಅವಳ ಹೆಬ್ಬೆರಳಿನ ರಾಗಿ ಹಿಟ್ಟಿನ ಗುರುತು ಉಳಿಯಿತು. ಬಿಲ್ ಕಲೆಕ್ಟರ್ ಅದನ್ನು ಊದಿ ಪುಸ್ತಕ ಮುಚ್ಚಿದ.

ಆಮೇಲೆ ನಾನು ಹೇಳಲೇ ಇಲ್ಲ.

ಆ ಪುಟದಲ್ಲಿ ಇದ್ದದ್ದು ದೇವಸ್ಥಾನದ ಮುಂದಿನ ಸಿಮೆಂಟ್ ರಸ್ತೆ. ಅದಕ್ಕೂ ಮೊದಲು ಅಮ್ಮ ಎಷ್ಟೋ ಸಲ ಹೇಳಿದ್ದಳು: ಟ್ಯಾಂಕಿನ ನೀರನ್ನು ಮೇಲಿನ ಬೀದಿಯವರೇ ಎಳೆದುಕೊಳ್ಳುತ್ತಾರೆ, ಕೆಳಗಿನ ಬೀದಿಯ ನಲ್ಲಿಗೆ ಬರುವುದು ಗಾಳಿ ಮಾತ್ರ, ಶಾಲೆಯ ಹತ್ತಿರ ಒಂದು ಗೇಟ್ ವಾಲ್ವ್ ಹಾಕಿಸಿ ಪಾಳಿಯ ಮೇಲೆ ಬಿಟ್ಟರೆ ಇಬ್ಬರಿಗೂ ಸಿಗುತ್ತದೆ ಎಂದು. ಅವಳಿಗೆ ಗೊತ್ತಿತ್ತು, ಏಕೆಂದರೆ ಕೊಡ ಹಿಡಿದು ನಿಂತವಳು ಅವಳು. ನನಗೆ ವಾಲ್ವ್ ಸಣ್ಣ ಕೆಲಸವೆಂದು ತೋರಿತು. ರಸ್ತೆಯಾದರೆ ಕಾಣುತ್ತದೆ, ಪೂಜೆ ಮಾಡಿಸಬಹುದು, ಕಲ್ಲು ನೆಡಬಹುದು. ವಾಲ್ವ್ ಮಣ್ಣಿನ ಕೆಳಗಿರುತ್ತದೆ.

ಕೆಳಗಿನ ಬೀದಿಯವರು ಇನ್ನೂ ಎಷ್ಟೋ ವರ್ಷ ಫ್ಲೋರೈಡ್ ತುಂಬಿದ ಹಳೆಯ ಕೈಪಂಪಿನ ನೀರನ್ನೇ ಕುಡಿದರು. ನಿನ್ನ ಜೊತೆ ಓದುತ್ತಿದ್ದ ಹುಡುಗ, ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದನಲ್ಲ, ಅವನ ಹಲ್ಲಿನ ಕಂದು ಕಲೆಯನ್ನು ನೋಡಿದಾಗಲೆಲ್ಲ ನನಗೆ ಆ ಹಿಟ್ಟಿನ ಗುರುತು ನೆನಪಾಗುತ್ತದೆ. ಅಮ್ಮ ಅವತ್ತು ಓದಿದ್ದರೆ ಸಹಿ ಹಾಕುತ್ತಿರಲಿಲ್ಲ. ಓದಬಾರದೆಂದೇ ನಾನು ಅವಸರ ಮಾಡಿದೆನೋ ಏನೋ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ನಿನ್ನ ತಾತ 1987ರಲ್ಲಿ ಮಂಡಲ ಪಂಚಾಯಿತಿಗೆ ಗೆದ್ದವರು. ನಜೀರ್ ಸಾಬರು ಮಂತ್ರಿಯಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆಗಿದ್ದ ಕಾಲ. ನಮ್ಮೂರಿನ ಪಂಪಿನಲ್ಲಿ ಮೊದಲ ಸಲ ನೀರು ಬಂದಾಗ ತಾತ ಬೊಗಸೆಯಲ್ಲಿ ಹಿಡಿದು ಎಲ್ಲರಿಗಿಂತ ಮೊದಲು ಕುಡಿದರು. ಆ ನೀರಿನಲ್ಲಿ ಏನಿತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಹೇಳಿದ್ದರು. ಅವರ ಹೆಸರನ್ನು ಮುಂದಿಟ್ಟುಕೊಂಡು ಮತ ಕೇಳುವ ಯೋಗ್ಯತೆ ನಿನಗಿದೆ, ನನ್ನ ಹೆಸರಿನಿಂದ ನಿನಗೆ ಲಾಭವಿಲ್ಲ.

ಅದಕ್ಕೇ ನನ್ನ ಸಾಲನ್ನು ಹೊಡೆದಿದ್ದೇನೆ. ನಿನ್ನ ಮೂರು ಕೆಲಸ ಹಾಗೆಯೇ ಇರಲಿ. ಇನ್ನೊಂದನ್ನೂ ಸೇರಿಸಬೇಡ, ಮನೆ ಕೊಡಿಸುತ್ತೇನೆ ಎಂದಂತೂ ಯಾರಿಗೂ ಮಾತು ಕೊಡಬೇಡ. ಮನೆಯ ಫಲಾನುಭವಿಗಳನ್ನು ಆರಿಸಬೇಕಾದದ್ದು ಗ್ರಾಮಸಭೆ, ಸದಸ್ಯರ ಜಗಲಿಯಲ್ಲ. ಮೊದಲು ವಾರ್ಡ್ ಸಭೆ ಕರೆಸು, ಹೆಂಗಸರು ಹೊಲದಿಂದ ಬಂದ ಮೇಲಿನ ಹೊತ್ತಿಗೆ ಕರೆಸು. ಕ್ರಿಯಾ ಯೋಜನೆಯ ಪ್ರತಿ ಸಾಲನ್ನೂ ಓದು. ನಡಾವಳಿ ಪುಸ್ತಕದಲ್ಲಿ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆದು ಆಮೇಲೆ ಸಹಿ ಹಾಕು. ಪಂಚಾಯಿತಿಯ ವರ್ಷದ ಲೆಕ್ಕವನ್ನೂ ಕಾಮಗಾರಿಯನ್ನೂ ಜನರ ಮುಂದೆ ಪರಿಶೀಲಿಸುವ ಜಮಾಬಂದಿ ದಿನ ಬಿಲ್ಲು ಹಿಡಿದುಕೊಂಡು ಕಾಮಗಾರಿಯ ಜಾಗಕ್ಕೇ ಹೋಗಿ ನೋಡು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು, ಕುದಿಸಿದರೂ ಅದು ಹೋಗುವುದಿಲ್ಲ ಎಂದು ಮನೆಮನೆಗೆ ಹೇಳು. ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ, ಕೆಳಗಿನ ಬೀದಿಯಲ್ಲಿ ಕೊಡ ಎಣಿಸಿ ಲೆಕ್ಕ ಹಾಕು. ಒಂದು ವಾರ ಬೆಳಿಗ್ಗೆ ಐದಕ್ಕೆ ಎದ್ದು, ಊರಿಗೆ ನೀರು ಬಿಡುವ ನೀರುಗಂಟಿಯ ಜೊತೆ ನಡೆ. ಊರಿನ ನೀರಿನ ಸತ್ಯವೆಲ್ಲ ಅವನ ಕೈಯಲ್ಲಿರುವ ಸ್ಪ್ಯಾನರಿಗೆ ಗೊತ್ತು.

ನೋಡು, ಬುದ್ಧಿ ಹೇಳುವುದಿಲ್ಲ ಎಂದುಕೊಂಡೇ ಪೆನ್ನು ಹಿಡಿದಿದ್ದೆ.

ಭಯವೂ ಇದೆ, ಅದನ್ನು ಮುಚ್ಚಿಡಲಾರೆ. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ನಿನ್ನ ಹಿಂದೆ ನಿಲ್ಲುವ ಪಕ್ಷವೂ ಇಲ್ಲ. ಜಗಳವಾದರೆ ಅದು ನೇರ ಮನೆಮನೆಗಳ ನಡುವಿನ ಜಗಳ. ಸೋತವರು ಮಾರನೆಯ ದಿನ ಅದೇ ನಲ್ಲಿಯ ಮುಂದೆ ನಿಲ್ಲುತ್ತಾರೆ. ಮದುವೆಯಾಗದ ಹುಡುಗಿ ಎಂದು ಆಡಿಕೊಳ್ಳುತ್ತಾರೆ. ಮೊನ್ನೆ ಅರಳಿಕಟ್ಟೆಯಲ್ಲಿ ಇಬ್ಬರು, “ಮಗಳನ್ನು ನಿಲ್ಲಿಸಿ, ಮಿಕ್ಕಿದ್ದು ನೀವು ನೋಡಿಕೊಳ್ಳಿ” ಎಂದಾಗ ನಾನು ತಲೆಯಾಡಿಸಿ ಬಂದೆ. ಅದು ನಿನ್ನ ಕಿವಿಗೂ ಬಿದ್ದಿತ್ತೆಂದು ಅಮ್ಮ ನಿನ್ನೆ ಹೇಳಿದಳು. ಕ್ಷಮಿಸು. ಇವತ್ತು ಬೆಳಿಗ್ಗೆ ಅವರಿಬ್ಬರ ಮನೆಗೂ ಹೋಗಿ, “ನನ್ನ ಮಗಳೇ ನೋಡಿಕೊಳ್ಳುತ್ತಾಳೆ” ಎಂದು ಹೇಳಿ ಬಂದಿದ್ದೇನೆ. ಒಬ್ಬರು ನಕ್ಕರು.

ನೀನು ನಿಲ್ಲುವುದೇ ಬೇಡ ಎಂದು ಮನಸ್ಸಿನ ಒಂದು ಮೂಲೆ ಇನ್ನೂ ಹೇಳುತ್ತಿದೆ. ಅದೇ ಮೂಲೆಯಲ್ಲಿ ಕುಳಿತು ನಿನ್ನ ಹೆಸರು ಕೂಗುವ ಸಭೆಯನ್ನೂ ನೆನೆಸಿಕೊಳ್ಳುತ್ತೇನೆ. ಆ ದಿನ ನಾನು ಸಭೆಯ ಬಾಗಿಲಿನವರೆಗೂ ಬರುವುದಿಲ್ಲ. ಹಿಂದಿರುಗಲು ಕತ್ತಲಾದರೆ ಮಾತ್ರ ಫೋನು ಮಾಡು, ಗಾಡಿ ತರುತ್ತೇನೆ.

ಇಲ್ಲಿಯವರೆಗೆ ಬರೆದು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹುಡುಕಿ, ದೀಪದ ಕೆಳಗೆ ಕುಳಿತು ಪೂರ್ತಿ ಓದಿದಳು. ತುಂಬ ಹೊತ್ತು ತೆಗೆದುಕೊಂಡಳು. ನನಗೆ ಏನೂ ಹೇಳಲಿಲ್ಲ. ನನ್ನ ಪೆನ್ನು ತೆಗೆದುಕೊಂಡು ನಿನ್ನ ಕರಪತ್ರದ ಹಿಂಬದಿಯಲ್ಲಿ ಬರೆದಳು: ವಾಲ್ವ್ ಈಗ ಶಾಲೆಯ ಹತ್ತಿರ ಆಗುವುದಿಲ್ಲ, ಅಲ್ಲಿ ಚರಂಡಿ ಬಂದಿದೆ, ಡೇರಿಯ ಮೂಲೆಯಲ್ಲಿ ಹಾಕಿಸಬೇಕು. ಅದನ್ನೂ ಈ ಕಾಗದದ ಜೊತೆ ಕಳುಹಿಸುತ್ತಿದ್ದೇನೆ. ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರಿದೆ, ನೋಡಿ ಬಂದೆ. ಅದರ ಕೆಳಗೆ ನನ್ನ ಹೆಸರಿನ ಒಂದು ಅಕ್ಷರ ತಪ್ಪಾಗಿ ಅಚ್ಚಾಗಿದೆ, ಬಂದಾಗ ನೀನೇ ಅರ್ಜಿ ಕೊಡು.

ಇಂತಿ,
ನಿನ್ನ ಅಪ್ಪ