ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಶಾಸನಕ್ಕೂ ಒಂದು ಸಾಲು ಇರಲಿ

ಮಾನ್ಯ ಸಂಪಾದಕರೇ,

ರಾಜ್ಯದ ಹಳ್ಳಿಗಳಲ್ಲಿ ಕೆಲವು ವರ್ಷಗಳಿಂದ ನೆಲ ಅಗೆಯುವ ಕೆಲಸ ಬಿಡುವಿಲ್ಲದೆ ನಡೆದಿದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್‌ನ ಕೊಳವೆಗಳಿಗಾಗಿ ಹಳೆಯ ಊರುಗಳ ಓಣಿಗಳನ್ನು ಅಗೆಯಲಾಗಿದೆ, ಹೆದ್ದಾರಿಗಳು ಅಗಲವಾಗುತ್ತಿವೆ, ಕೆರೆಗಳ ಹೂಳು ಲಾರಿ ಏರುತ್ತಿದೆ. ಇವು ಬೇಡದ ಕೆಲಸಗಳೆಂದು ನಾನು ಹೇಳಲಾರೆ. ಸರ್ಕಾರಿ ಎಂಜಿನಿಯರ್ ಆಗಿ ಮೂರು ದಶಕ ಇಂಥವನ್ನೇ ಮಾಡಿಸಿ ನಿವೃತ್ತನಾದವನು ನಾನು. ಈ ಅಗೆತದಲ್ಲಿ ಮೇಲೆ ಬರುವ ಶಾಸನ, ವೀರಗಲ್ಲು, ಮಡಕೆ, ಹಳೆಯ ಇಟ್ಟಿಗೆಯ ಪಾಯ ಇವುಗಳಿಗೆ ಏನಾಗುತ್ತದೆ ಎಂಬುದರ ಬಗ್ಗೆ ಇತಿಹಾಸ ಬಲ್ಲವರು ಆಗಾಗ ಬರೆದಿದ್ದಾರೆ. ಗುಂಡಿಯ ಅಂಚಿನಲ್ಲಿ ಅಳತೆ ಪುಸ್ತಕ ಹಿಡಿದು ನಿಂತವನಿಗೆ ಅದು ಹೇಗೆ ಕಾಣುತ್ತದೆ ಎಂಬುದನ್ನೂ ಓದುಗರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಣ್ಣ ಕೆರೆಯ ತೂಬು ದುರಸ್ತಿ ಮಾಡಿಸುತ್ತಿದ್ದೆ. ತೂಬಿನ ಪಕ್ಕದ ಮಣ್ಣು ತೆಗೆಯುವಾಗ ಆಳೆತ್ತರದ ಒಂದು ಚಪ್ಪಡಿ ಸಿಕ್ಕಿತು. ಮೇಸ್ತ್ರಿ ಅದರ ಮೇಲಿನ ಕೆಸರು ಒರೆಸಿ, ‘ಸಾರ್, ಇದರಲ್ಲಿ ಅಕ್ಷರ ಇದಾವೆ’ ಎಂದ. ಅದು ಮಾರ್ಚ್ ತಿಂಗಳ ಕೊನೆಯ ವಾರ. ಬಿಲ್ ಆಗದಿದ್ದರೆ ಹಣ ವಾಪಸಾಗುತ್ತಿತ್ತು. ಯಾರಿಗೆ ತಿಳಿಸಬೇಕೆಂದು ನನಗೂ ಗೊತ್ತಿರಲಿಲ್ಲ, ನನ್ನ ಮೇಲಿನವರಿಗೂ ಗೊತ್ತಿರಲಿಲ್ಲ. ಅಕ್ಷರವಿದ್ದ ಮುಖ ಒಳಗೆ ಬರುವಂತೆ ಆ ಕಲ್ಲನ್ನು ಏರಿಯ ಕಲ್ಲುಕಟ್ಟಣೆಗೆ ಸೇರಿಸಿಬಿಟ್ಟೆವು. ತೂಬಿನ ಬಳಿ ನಿಲ್ಲಿಸಿದ ಕಲ್ಲುಗಳಲ್ಲಿ ಕೆರೆ ಕಟ್ಟಿಸಿದವರ ಹೆಸರು, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ಬಿತ್ತುವಟ್ಟ ಅಥವಾ ಕಟ್ಟುಕೊಡಗೆ ಎಂಬ ದತ್ತಿಯ ವಿವರ ಇರುವುದುಂಟು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕೆರೆಯ ದುರಸ್ತಿ ಹೇಗೆ ನಡೆಯಬೇಕೆಂದು ಬರೆದಿಟ್ಟಿದ್ದ ಕಲ್ಲನ್ನು ಅದೇ ಕೆರೆಯ ದುರಸ್ತಿಯಲ್ಲಿ ಹೂತುಹಾಕಿದ್ದೆನೇನೋ ಎಂಬ ಅನುಮಾನ ಇಂದಿಗೂ ಬಿಟ್ಟಿಲ್ಲ.

ಹಿಂದಿನವರೂ ಇದನ್ನೇ ಮಾಡಿದ್ದಾರೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾಯಿತು. ವಿಗ್ರಹ ಕೂರಿಸಲು ಅದರ ನಡುವೆ ರಂಧ್ರ ಕೊರೆದಿದ್ದರು. ಆದರೆ ಆ ಗುಡಿ ಕಟ್ಟಿದವರ ಕೈಯಲ್ಲಿ ಇದ್ದದ್ದು ಉಳಿ ಮತ್ತು ಹಾರೆ. ಅವರು ಒಂದು ತಲೆಮಾರಿನಲ್ಲಿ ಕದಲಿಸಿದಷ್ಟು ಮಣ್ಣನ್ನು ಜೆಸಿಬಿ ಒಂದು ವಾರದಲ್ಲಿ ಕದಲಿಸುತ್ತದೆ.

ಸಿಕ್ಕದ್ದನ್ನು ಗುರುತಿಸಿ ತಿಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ಅಗೆಯುವಾಗ ಸಿಕ್ಕ ಒಂದು ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಅಂದರೆ ಸುಮಾರು ಕ್ರಿ.ಶ. 750ರದ್ದು ಎಂದು ವಿದ್ವಾಂಸರು ಓದಿ ಹೇಳಿದರು. ಹೋರಾಡಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಇಂದಿನ ಹೆಬ್ಬಾಳದ ಹಳೆಯ ರೂಪ ಪೆರ್ಬೊಳಲ್ ಎಂಬುದೂ ಇದೆ. ಶಾಸನಾಸಕ್ತರು ಮತ್ತು ಸ್ಥಳೀಯರು ಮುತುವರ್ಜಿ ವಹಿಸಿದ್ದರಿಂದ ಅದಕ್ಕೊಂದು ಮಂಟಪ ಬಂತು. ಬೆಂಗಳೂರು ಮೇಲ್ಸೇತುವೆಗಳ ಊರು ಎಂದುಕೊಂಡವರು ಒಮ್ಮೆ ಹೋಗಿ ಅದನ್ನು ನೋಡಬೇಕು. ಚರಂಡಿ ಕೆಲಸ ಇದರಿಂದ ನಿಂತುಹೋಗಲಿಲ್ಲ ಎಂಬುದನ್ನೂ ನಾನು ಎಂಜಿನಿಯರ್ ಆಗಿ ಒತ್ತಿ ಹೇಳುತ್ತೇನೆ. 2012ರಲ್ಲಿ ಕೆ.ಆರ್. ಮಾರುಕಟ್ಟೆ ಬಳಿ ಮೆಟ್ರೊಗಾಗಿ ಅಗೆದಾಗ ಎರಡು ಫಿರಂಗಿಗಳು ಸಿಕ್ಕಿದ್ದವು. ಮೆಟ್ರೊ ಓಡುತ್ತಲೇ ಇದೆ.

ಸಿಕ್ಕ ವಸ್ತುವನ್ನು ಎತ್ತಿಟ್ಟರೆ ಸಾಕು, ಕೆಲಸ ಮುಂದುವರಿಸಬಹುದು ಎಂದು ನಮ್ಮವರಲ್ಲಿ ಹಲವರು ತಿಳಿದಿದ್ದಾರೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ನಡೆದದ್ದನ್ನು ನೋಡಿ. 2002ರಲ್ಲಿ ಅಲ್ಲಿನ ಒಂದು ಹಳೆಯ ಬಾವಿಯ ಹೂಳೆತ್ತುವಾಗ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕಿದವು. ಅವನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಒಯ್ದಿಟ್ಟರು. ಮೈಸೂರಿನ ಸೈನ್ಯ ಬಳಸುತ್ತಿದ್ದ ರಾಕೆಟ್‌ಗಳಿವು ಎಂದು ಅರಿವಾಗಲು ಅದಾದ ಮೇಲೆ ಬಹಳ ಕಾಲ ಹಿಡಿಯಿತು. 2018ರಲ್ಲಿ ಪುರಾತತ್ವ ಇಲಾಖೆಯೇ ನಿಂತು ಅದೇ ಬಾವಿಯನ್ನು ಅಗೆಸಿದಾಗ ಇನ್ನೂ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಮೊದಲನೆಯ ಸಲ ಸಿಕ್ಕಾಗಲೇ ಬಲ್ಲವರೊಬ್ಬರು ಬಾವಿಯ ದಂಡೆಗೆ ಬಂದಿದ್ದರೆ ಹದಿನಾರು ವರ್ಷ ಉಳಿಯುತ್ತಿತ್ತು. ವಸ್ತುವಿಗಿಂತ ಅದು ಯಾವ ಪದರದಲ್ಲಿ, ಏನೇನರ ಜೊತೆಯಲ್ಲಿ ಇತ್ತು ಎಂಬುದೇ ಹೆಚ್ಚು ಮಾತಾಡುತ್ತದೆ. ಬಕೆಟ್ಟಿನಿಂದ ಒಮ್ಮೆ ಮೇಲೆತ್ತಿ ಸುರಿದ ಮಡಕೆ, ಎಷ್ಟೇ ಚೆಂದವಾಗಿ ತೊಳೆದಿಟ್ಟರೂ, ಬರಿಯ ಮಡಕೆ.

ಇದಕ್ಕಿಂತ ಕಷ್ಟದ್ದು ವಸ್ತುವಿನಂತೆಯೇ ಕಾಣದ ನೆಲೆಗಳ ಸಂಗತಿ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ಸಾವಿರಾರು ವರ್ಷಗಳ ಹಿಂದಿನ ದನಗಾಹಿಗಳು ಸಗಣಿ ಗುಡ್ಡೆ ಹಾಕಿ ಸುಟ್ಟು ಉಳಿಸಿಹೋದ ಗುರುತುಗಳು. ಕುಡತಿನಿಯ ದಿಬ್ಬ ರಸ್ತೆಯ ಪಕ್ಕದಲ್ಲೇ ಇದೆ. ಟಿಪ್ಪರ್ ಓಡಿಸುವವನಿಗೆ ಅದು ಬೂದಿಯ ರಾಶಿಯಾಗಿ ಕಂಡರೆ ಅವನನ್ನು ಬೈಯುವುದು ನ್ಯಾಯವಲ್ಲ. ರಸ್ತೆ ಹಾದುಹೋಗುವ ದಾರಿಯನ್ನಾದರೂ ನಕ್ಷೆಯಲ್ಲಿ ನೋಡಬಹುದು. ಆ ರಸ್ತೆಗೆ ಸುರಿಯುವ ಮಣ್ಣು ಮತ್ತು ಗರಸು ಎಲ್ಲಿಂದ ಬರುತ್ತದೆ ಎಂದು ಕೇಳುವವರಿಲ್ಲ. ಊರಾಚೆಯ ‘ಹಾಳೂರು’ ದಿಬ್ಬಗಳು ಟ್ರ್ಯಾಕ್ಟರ್‌ಗಳಲ್ಲಿ ಖಾಲಿಯಾಗುವುದು ಹೀಗೆ.

ಕಾನೂನು ಇಲ್ಲವೆಂದಲ್ಲ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯಕ್ಕೆ 1961ರ ತನ್ನದೇ ಕಾಯ್ದೆ ಇದೆ. ಇವು ಮುಖ್ಯವಾಗಿ ಕಾಯುವುದು ಈಗಾಗಲೇ ಪಟ್ಟಿಯಲ್ಲಿರುವುದನ್ನು. ಇನ್ನೂ ಯಾರೂ ಕಾಣದೆ ನೆಲದೊಳಗಿರುವುದು ಪಟ್ಟಿಯಲ್ಲಿ ಇರುವುದಾದರೂ ಹೇಗೆ? ನಿಧಿಗೆ ಸಂಬಂಧಿಸಿದ ಕಾನೂನು ಇನ್ನೂ ವಿಚಿತ್ರ. 1878ರ ಬ್ರಿಟಿಷ್ ಕಾಯ್ದೆ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದಿತು. ರೂಪಾಯಿಯಲ್ಲಿ ಬೆಲೆ ಕಟ್ಟುವ ಆ ಯೋಚನೆ ನಮ್ಮ ಜನರ ತಲೆಯಲ್ಲಿ ಹಾಗೆಯೇ ಉಳಿದಿದೆ: ಬಂಗಾರ ಸಿಕ್ಕರೆ ಪೊಲೀಸರು ಬರುತ್ತಾರೆ, ಕಲ್ಲು ಸಿಕ್ಕರೆ ಯಾರೂ ಬರುವುದಿಲ್ಲ. ಹೀಗಾಗಿ ಬಂಗಾರವನ್ನು ಮುಚ್ಚಿಡುತ್ತಾರೆ, ಕಲ್ಲನ್ನು ಪಾಯಕ್ಕೆ ಹಾಕುತ್ತಾರೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಗುತ್ತಿಗೆಯ ಕರಾರಿನ ಬಗ್ಗೆ. ಕಾಮಗಾರಿ ಸ್ಥಳದಲ್ಲಿ ಐತಿಹಾಸಿಕ ಮಹತ್ವದ ವಸ್ತು ಸಿಕ್ಕರೆ ಗುತ್ತಿಗೆದಾರ ಅದನ್ನು ತಿಳಿಸಬೇಕು ಎಂಬ ಷರತ್ತು ಟೆಂಡರ್ ದಾಖಲೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ನಾನೇ ಅಂಥ ಎಷ್ಟೋ ದಾಖಲೆಗಳಿಗೆ ಸಹಿ ಹಾಕಿದ್ದೇನೆ. ಆದರೆ ತಿಳಿಸಿದ ಮೇಲೆ ಎಷ್ಟು ದಿನದೊಳಗೆ ಯಾರು ಬರಬೇಕು, ಅಷ್ಟು ದಿನ ನಿಂತ ಯಂತ್ರದ ಬಾಡಿಗೆಯನ್ನೂ ಆಳುಗಳ ಕೂಲಿಯನ್ನೂ ಯಾರು ಕೊಡಬೇಕು ಎಂಬುದಕ್ಕೆ ಅಂದಾಜು ಪಟ್ಟಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಜೆಸಿಬಿಯ ಬಾಡಿಗೆ ಗಂಟೆಯ ಲೆಕ್ಕ. ಸತ್ಯ ಹೇಳಿದವನು ನಷ್ಟ ಅನುಭವಿಸಿ, ಮುಚ್ಚಿಟ್ಟವನು ಸಕಾಲದಲ್ಲಿ ಬಿಲ್ ಪಡೆಯುವ ವ್ಯವಸ್ಥೆಯನ್ನು ನಾವೇ ಮಾಡಿಟ್ಟು, ಆಮೇಲೆ ಜನರಿಗೆ ಪರಂಪರೆಯ ಪ್ರಜ್ಞೆ ಇಲ್ಲವೆಂದು ವೇದಿಕೆಯ ಮೇಲೆ ಕೊರಗುತ್ತೇವೆ.

ಹಾಗಾಗಿ ಹಳೆಯ ಊರು, ಕೆರೆ, ಕೋಟೆ, ದೇವಾಲಯದ ಆಸುಪಾಸಿನ ಪ್ರತಿ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಪುರಾತತ್ವದ ಸಲುವಾಗಿ ಒಂದು ಸಣ್ಣ ಮೊತ್ತವನ್ನೂ ಕೆಲವು ದಿನಗಳನ್ನೂ ಮೊದಲೇ ತೆಗೆದಿಡಬೇಕು. ಏನೂ ಸಿಗದಿದ್ದರೆ ಆ ಹಣ ಉಳಿಯುತ್ತದೆ, ಅಷ್ಟೆ. ಸಿಕ್ಕಿತೆಂದು ತಿಳಿಸಿದ ಗುತ್ತಿಗೆದಾರನಿಗೆ ಅವಧಿ ವಿಸ್ತರಣೆ ಅರ್ಜಿಯಿಲ್ಲದೆ ಸಿಗಬೇಕು. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಪರವಾಗಿ ಪ್ರತಿ ತಾಲ್ಲೂಕಿಗೆ ಒಬ್ಬರನ್ನಾದರೂ ಹೆಸರಿಸಿ, ಎರಡು ದಿನದೊಳಗೆ ಸ್ಥಳಕ್ಕೆ ಬಂದು, ಚಿತ್ರ ತೆಗೆದು, ಅಳತೆ ಬರೆದುಕೊಂಡು, ಕೆಲಸ ಮುಂದುವರಿಯಬಹುದೇ ಎಂದು ಲಿಖಿತವಾಗಿ ಹೇಳುವ ಹೊಣೆ ಕೊಡಬೇಕು. ಇಲಾಖೆಯಲ್ಲಿ ಸಿಬ್ಬಂದಿ ಸಾಲದಿದ್ದರೆ ಪಕ್ಕದ ಕಾಲೇಜಿನ ಇತಿಹಾಸ ಅಧ್ಯಾಪಕರನ್ನು ನೇಮಿಸಬಹುದು. ಶಾಸನ ಓದಬಲ್ಲವರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಟೆಂಡರ್ ಕರೆಯುವ ಮುನ್ನ ಅವರೊಬ್ಬರು ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ ಹಿಡಿದು ಕಾಮಗಾರಿಯ ದಾರಿಯುದ್ದಕ್ಕೂ ನಡೆದು ಬಂದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸಿಕ್ಕ ಕಲ್ಲಿನ ಅಕ್ಷರಗಳಿಗೆ ಎಣ್ಣೆ, ಸುಣ್ಣ, ಬಣ್ಣ ಬಳಿಯಬೇಡಿರೆಂದು ಊರಿನವರಿಗೂ ಹೇಳಿಸಬೇಕು. ಭಕ್ತಿಯಿಂದ ಬಳಿದ ಬಣ್ಣದಡಿಯಲ್ಲಿ ಮಸುಕಾದ ಸಾಲುಗಳನ್ನು ನಾನು ಕಂಡಿದ್ದೇನೆ.

ಇದು ಆಗದ ಮಾತೆನ್ನುವವರು ಎರಡು ಸಂಗತಿಗಳನ್ನು ನೆನೆಯಬಹುದು. ಕೃಷ್ಣಾ ನದಿಯ ಅಣೆಕಟ್ಟೆಯಲ್ಲಿ ನಾಗಾರ್ಜುನಕೊಂಡದ ಕಣಿವೆ ಮುಳುಗುತ್ತದೆಂದು ಗೊತ್ತಾದಾಗ, 1954ರಿಂದ 1960ರವರೆಗೆ ಅಲ್ಲಿ ಉತ್ಖನನ ನಡೆಸಿ ಮುಖ್ಯ ಅವಶೇಷಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿದರು; ಅಣೆಕಟ್ಟೆಯೂ ಆಯಿತು. ಬೆಂಗಳೂರು–ಮೈಸೂರು ರೈಲುಮಾರ್ಗದ ಜೋಡಿಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆ ಅಡ್ಡವಾಗಿ ಹಲವು ವರ್ಷ ಕೆಲಸ ನಿಂತಿತ್ತು. 2017ರಲ್ಲಿ ಆ ಇಟ್ಟಿಗೆಯ ಕಟ್ಟಡವನ್ನು ಬುಡಸಮೇತ ಜಾಕ್‌ಗಳ ಮೇಲೆ ಎತ್ತಿ ನೂರು ಮೀಟರಿಗೂ ದೂರ ಸರಿಸಿದರು. ವರ್ಷಗಟ್ಟಲೆ ಕಾಯುವ ಬದಲು ಯೋಜನೆ ಬರೆಯುವಾಗಲೇ ಅದಕ್ಕೆ ಹಣ ಇಟ್ಟಿದ್ದರೆ ರೈಲ್ವೆಗೂ ಲಾಭವಿತ್ತು ಎಂಬುದು ನನ್ನ ಅಭಿಪ್ರಾಯ.

ನನ್ನ ಕೆರೆಯ ವಿಚಾರವನ್ನು ಸಂಬಂಧಪಟ್ಟವರಿಗೆ ಬರೆದು ತಿಳಿಸಿದ್ದೇನೆ. ತೂಬಿನಿಂದ ಎಡಕ್ಕೆ, ಕೆಳಗಿನಿಂದ ಮೂರನೆಯ ವರಸೆಯಲ್ಲಿ, ಉಳಿದವಕ್ಕಿಂತ ಉದ್ದವಾಗಿರುವ ಒಂದೇ ಕಲ್ಲು ಅದು. ಬೇಸಿಗೆಯಲ್ಲಿ ನೀರು ಇಳಿದಾಗ ಯಾರಾದರೂ ಬರುವುದಾದರೆ ಹಾರೆ ಹಿಡಿದು ಜೊತೆಗೆ ನಿಲ್ಲಲು ಸಿದ್ಧನಿದ್ದೇನೆ.

ಇಂತಿ,
ನಿವೃತ್ತ ಎಂಜಿನಿಯರ್,
ತುಮಕೂರು ಜಿಲ್ಲೆ