ಭಾನುವಾರದ ಚರ್ಚೆಗೆ ಮುನ್ನ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಸಲದ ವಿಷಯ: ತಾವು ಗೇ ಎಂದು ಬಹಿರಂಗವಾಗಿ ಹೇಳಿಕೊಂಡ ನಟರು ತೆರೆಯ ಮೇಲೆ ಹೆಣ್ಣಿನ ಪ್ರೇಮಿಯಾಗಿ ನಟಿಸುವುದು.

ಉದಾಹರಣೆಗೆ ಯಾವ ನಟರ ಹೆಸರು ಹಾಕುವ ಮುಂಚೆಯೂ ಎರಡು ಇಸವಿ ನೋಡಿ: ಪಾತ್ರ ಮಾಡಿದ್ದು ಯಾವಾಗ, ಹೇಳಿಕೊಂಡಿದ್ದು ಯಾವಾಗ. ಪಟ್ಟಿಗಳು ಕೆಡುವುದೇ ಇಲ್ಲಿ. ಹಳೆಯ ಹಾಲಿವುಡ್ ನಟ ರಾಕ್ ಹಡ್ಸನ್ ಇದರಲ್ಲಿ ಸೇರುವುದಿಲ್ಲ. ನಾಯಕನಾಗಿ ಮೆರೆದಷ್ಟು ಕಾಲವೂ ಅವರು ತಾವು ಗೇ ಎಂಬ ವಿಷಯ ಮುಚ್ಚಿಟ್ಟಿದ್ದರು.

ಹೇಳಿಕೊಳ್ಳುವ ಮುಂಚಿನ ಮತ್ತು ನಂತರದ ನಟನೆ ಹೋಲಿಸಿ ನೋಡಲು ಅಮೆರಿಕದ ನಟ ನೀಲ್ ಪ್ಯಾಟ್ರಿಕ್ ಹ್ಯಾರಿಸ್ ಅವರಷ್ಟು ಅನುಕೂಲದ ಉದಾಹರಣೆ ಇನ್ನೊಂದಿಲ್ಲ. ‘ಹೌ ಐ ಮೆಟ್ ಯುವರ್ ಮದರ್’ (2005–2014) ಧಾರಾವಾಹಿಯಲ್ಲಿ ಅವರದು ಹೆಣ್ಣುಗಳ ಹಿಂದೆ ಬೀಳುವ ಬಾರ್ನಿಯ ಪಾತ್ರ. ಅವರು ಹೇಳಿಕೊಂಡಿದ್ದು 2006ರ ನವೆಂಬರ್‌ನಲ್ಲಿ, ಅಂದರೆ ಎರಡನೇ ಸೀಸನ್ ನಡುವೆ. ಹಾಗಾಗಿ ಒಂದನೇ ಮತ್ತು ಮೂರನೇ ಸೀಸನ್‌ನಿಂದ ಎರಡೆರಡು ಕಂತು ನೋಡಿ. ಮೊದಲು ಧ್ವನಿ ಮ್ಯೂಟ್ ಮಾಡಿ. ನೋಟ ಎಲ್ಲಿ ನಿಲ್ಲುತ್ತದೆ, ಕೈ ಯಾವಾಗ ಚಾಚುತ್ತದೆ, ಅಷ್ಟೇ ಗಮನಿಸಿ. ವ್ಯತ್ಯಾಸ ಹುಡುಕಿ ಸುಸ್ತಾಗುತ್ತೀರಿ!

ತಾವು ಗೇ ಎಂದು ಹೇಳಿಕೊಂಡಿರುವ ಬ್ರಿಟಿಷ್ ನಟ ಜೊನಾಥನ್ ಬೇಯ್ಲಿ ಅವರ ‘ಬ್ರಿಡ್ಜರ್ಟನ್’ ಧಾರಾವಾಹಿಯ ಎರಡನೇ ಸೀಸನ್ (2022) ಕೂಡ ನೋಡಿ. ಎದುರಿಗೆ ನಾಯಕಿಯಾಗಿ ಸಿಮೋನ್ ಆಶ್ಲೇ. 8 ಕಂತುಗಳಲ್ಲಿ ಬಹುಪಾಲು ಮುತ್ತಿಲ್ಲದೆಯೇ ಸಾಗುತ್ತದೆ; ಬಿಸಿ ಏರುವುದು ಮಾತಿನ ನಡುವಿನ ತಡೆಯಿಂದ, ಎಡಿಟಿಂಗ್‌ನಿಂದ. ಹಾಸಿಗೆಯ ದೃಶ್ಯಗಳಿಗೆ ಇಂಟಿಮೆಸಿ ಕೋಆರ್ಡಿನೇಟರ್ ಇರುತ್ತಾರೆ: ಎಲ್ಲಿ ಮುಟ್ಟಬಹುದು, ಎಲ್ಲಿ ಕೂಡದು ಎಂದು ಮೊದಲೇ ಕೇಳಿ, ಕುಣಿತದ ಹೆಜ್ಜೆಗಳ ಹಾಗೆ ಚಲನೆ ಗೊತ್ತುಮಾಡುತ್ತಾರೆ. ನಟ ಯಾರನ್ನು ಇಷ್ಟಪಡುತ್ತಾನೆ ಎಂಬುದಕ್ಕೆ ಅಲ್ಲಿ ಕೆಲಸವೇ ಇಲ್ಲ.

ತಾವಾಗಿ ಹೇಳಿಕೊಳ್ಳದ ಯಾವ ನಟರ ಬಗ್ಗೆಯೂ ಊಹೆ ಹಾಕಬೇಡಿ. ಅಂಥ ಮೆಸೇಜ್ ಅಡ್ಮಿನ್‌ಗಳು ಅಳಿಸುತ್ತಾರೆ.